ಬೀಜದ ಹಕ್ಕು, ಕುಲಾಂತರಿ ಬೆಳೆ: ನಂಬಿಕೆ ಯಾವುದು, ನಿಜ ಯಾವುದು?

ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ‘ಸಹಜ ಸಮೃದ್ಧ’ ಸಂಸ್ಥೆ ಏರ್ಪಡಿಸುತ್ತಾ ಬಂದಿರುವ ಗೆಡ್ಡೆ ಗೆಣಸು ಮೇಳದಂಥ ಮೇಳಗಳಿಗೆ ನಗರದ ಜನ ಅಕ್ಕರೆಯಿಂದ ಬರುತ್ತಾರೆ. ನಾಟಿ ತಳಿಗಳ ಮೇಲಿನ ಈ ಪ್ರೀತಿ ಬೆಳೆಯಬೇಕು. ಆದರೆ ಅದರ ಜೊತೆಗೇ ಕೆಲವು ತಪ್ಪು ನಂಬಿಕೆಗಳೂ ಬೆಳೆಯುತ್ತಿವೆ. ಬೀಜದ ಹಕ್ಕಿಗಾಗಿ ಹೋರಾಡುವ ರೈತರಿಗೆ ಕಂಪನಿಗಳ ಹಣಬಲವಿಲ್ಲ. ಅವರ ಮಾತು ನಿಖರವಾಗಿದ್ದಷ್ಟೂ ಅದಕ್ಕೆ ಬೆಲೆ.

ಕಲ್ಪನೆ: ಹೈಬ್ರಿಡ್ ತರಕಾರಿಗಳೆಲ್ಲ ಕುಲಾಂತರಿ.

ಸತ್ಯ: ಅಲ್ಲ. ದೇವರಾಜ ಮಾರುಕಟ್ಟೆಯ ಹೈಬ್ರಿಡ್ ಟೊಮೆಟೊ ಆಗಲಿ, ಬೀಜವಿಲ್ಲದ ದ್ರಾಕ್ಷಿಯಾಗಲಿ ಕುಲಾಂತರಿಯಲ್ಲ. ಎರಡು ತಳಿಗಳನ್ನು ಪರಾಗಸ್ಪರ್ಶದಿಂದ ಬೆಸೆದರೆ ಹೈಬ್ರಿಡ್. ನಮ್ಮ ಸೀಮೆಯ ಹೊಲ ತುಂಬಿದ ಇಂಡಾಫ್ ರಾಗಿಯೂ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಬೆಸೆದು ಪಡೆದದ್ದೇ. ಅದು ಸ್ಥಿರಗೊಂಡ ತಳಿಯಾದ್ದರಿಂದ ಅದರ ಬೀಜವನ್ನು ರೈತರು ಕಣಜದಲ್ಲಿಟ್ಟು ಮರುವರ್ಷ ಬಿತ್ತಿದರು. ಪ್ರಯೋಗಾಲಯದಲ್ಲಿ ಬೇರೆ ಜೀವಿಯ ವಂಶವಾಹಿ ಸೇರಿಸಿದ್ದು ಕುಲಾಂತರಿ. ಬಿಟಿ ಹತ್ತಿಯಲ್ಲಿರುವುದು ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ. 2002ರಲ್ಲಿ ಒಪ್ಪಿಗೆ ಪಡೆದ ಈ ಹತ್ತಿಯೊಂದನ್ನೇ ನಮ್ಮ ರೈತರು ಕಾನೂನುಬದ್ಧವಾಗಿ ಬೆಳೆಯುತ್ತಿರುವುದು.

ಕಲ್ಪನೆ: ಹಾಗಾದರೆ ಕುಲಾಂತರಿ ನಮ್ಮ ಅಡುಗೆಮನೆಗೆ ಬಂದೇ ಇಲ್ಲ.

ಸತ್ಯ: ಬಂದಿದೆ. ಬಿಟಿ ಹತ್ತಿಬೀಜದ ಎಣ್ಣೆಯನ್ನು ಅಡುಗೆಗೆ ಬಳಸುತ್ತಾರೆ, ಹಿಂಡಿಯನ್ನು ದನಗಳಿಗೆ ಹಾಕುತ್ತಾರೆ. ವಿದೇಶದಿಂದ ಬರುವ ಸೋಯಾ ಎಣ್ಣೆಯ ಬಹುಪಾಲು ಕುಲಾಂತರಿ ಸೋಯಾದ್ದು. ಇದನ್ನು ಉಂಡವರಿಗೆ ಕ್ಯಾನ್ಸರ್ ಖಚಿತ ಎನ್ನುವುದಕ್ಕೆ ಮಾತ್ರ ಆಧಾರವಿಲ್ಲ. ಸುರಕ್ಷತಾ ಪರೀಕ್ಷೆ ದಾಟಿ ಮಾರುಕಟ್ಟೆಗೆ ಬಂದ ಕುಲಾಂತರಿ ಆಹಾರದಿಂದ ಅಪಾಯದ ಸಂಭವವಿಲ್ಲ, ಆದರೆ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಏನು ತಿನ್ನುತ್ತಿದ್ದೇವೆಂದು ತಿಳಿಯುವ ಹಕ್ಕಂತೂ ಗ್ರಾಹಕರದ್ದೇ.

ಕಲ್ಪನೆ: ಕಂಪನಿ ಬೀಜ ‘ಟರ್ಮಿನೇಟರ್’, ಮತ್ತೆ ಮೊಳೆಯುವುದೇ ಇಲ್ಲ.

ಸತ್ಯ: ಆ ತಂತ್ರಜ್ಞಾನಕ್ಕೆ 1998ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ಆದರೆ ಅಂಥ ಬೀಜ ಎಲ್ಲೂ ಮಾರಾಟಕ್ಕೆ ಬರಲಿಲ್ಲ. ನಮ್ಮಲ್ಲಿ ಬಿಟಿ ಹತ್ತಿ ಬಂದದ್ದು ಹೈಬ್ರಿಡ್ ರೂಪದಲ್ಲಿ. ಅದರ ಬೀಜ ಮೊಳೆಯುತ್ತದೆ, ಆದರೆ ಎರಡನೇ ಪೀಳಿಗೆಯಲ್ಲಿ ಗುಣ ಚದುರಿ ಇಳುವರಿ ಕುಸಿಯುತ್ತದೆ. ಎಚ್.ಡಿ. ಕೋಟೆಯ ಹತ್ತಿ ಬೆಳೆಗಾರ ಪ್ರತಿ ಮುಂಗಾರಿಗೂ ಬೀಜದ ಪೊಟ್ಟಣಕ್ಕಾಗಿ ಅಂಗಡಿಯ ಮುಂದೆ ನಿಲ್ಲುವುದು ಇದಕ್ಕೇ. ಪರಾವಲಂಬನೆ ನಿಜ, ಕಾರಣವನ್ನಷ್ಟೇ ನಾವು ತಪ್ಪಾಗಿ ಹೇಳುತ್ತಿದ್ದೇವೆ.

ಕಲ್ಪನೆ: ಕಂಪನಿಯ ತಳಿಯ ಬೀಜ ಉಳಿಸಿಕೊಂಡರೆ ಅಪರಾಧ.

ಸತ್ಯ: ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಸೆಕ್ಷನ್ ಪ್ರಕಾರ ರೈತ ತನ್ನ ಬೆಳೆಯ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ. 2019ರಲ್ಲಿ ಗುಜರಾತಿನ ಆಲೂಗೆಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೊ ಮೊಕದ್ದಮೆ ಹೂಡಿದಾಗ ರೈತಪರರು ಈ ಸೆಕ್ಷನ್ನನ್ನೇ ಮುಂದಿಟ್ಟರು. ಕಂಪನಿ ಮೊಕದ್ದಮೆ ಹಿಂತೆಗೆದುಕೊಂಡಿತು.

ಕಲ್ಪನೆ: ರೈತ ಸಂಘ ವಿಜ್ಞಾನದ ವಿರೋಧಿ.

ಸತ್ಯ: 1992ರ ಡಿಸೆಂಬರ್‌ನಲ್ಲಿ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ರೈತರು ನುಗ್ಗಿದಾಗ ಅಲ್ಲಿ ಕುಲಾಂತರಿಯ ಪ್ರಶ್ನೆಯೇ ಇರಲಿಲ್ಲ. ಜಾಗತಿಕ ವ್ಯಾಪಾರ ಒಪ್ಪಂದದ (ಗ್ಯಾಟ್) ಡಂಕೆಲ್ ಪ್ರಸ್ತಾವ ಜಾರಿಯಾದರೆ ಬೀಜವೂ ಪೇಟೆಂಟಿನ ಸ್ವತ್ತಾಗುತ್ತದೆ ಎಂಬುದು ಅವರ ಆತಂಕ. ಸಂಘದ ನಾಯಕ ಎಂ.ಡಿ. ನಂಜುಂಡಸ್ವಾಮಿ ಕಾನೂನು ಪ್ರಾಧ್ಯಾಪಕರಾಗಿದ್ದವರು. ಬಿಟಿ ಬದನೆಯ ಚರ್ಚೆಯಲ್ಲೂ ರೈತರು ಕೇಳಿದ್ದು ಸ್ವತಂತ್ರ ಪರೀಕ್ಷೆ ಮತ್ತು ಉಡುಪಿಯ ಮಟ್ಟುಗುಳ್ಳದಂಥ ತಳಿಗಳಿಗೆ ರಕ್ಷಣೆ. ಬೆಂಗಳೂರಿನ ಸಾರ್ವಜನಿಕ ವಿಚಾರಣೆ ಮುಗಿದ ಬೆನ್ನಲ್ಲೇ, 2010ರ ಫೆಬ್ರವರಿ 9ರಂದು ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಸಾಕಷ್ಟು ಪರೀಕ್ಷೆಯಾಗಬೇಕು ಎಂದು ಕೇಳುವುದೇ ವಿಜ್ಞಾನದ ದಾರಿ. ಬಿಟಿ ಹತ್ತಿಯನ್ನೂ ಜೀರ್ಣಿಸಿಕೊಳ್ಳುವ ಗುಲಾಬಿ ಕಾಯಿಕೊರಕ ಹುಟ್ಟಿಕೊಂಡ ಮೇಲೆ ರೈತರ ಎಚ್ಚರಿಕೆಯನ್ನು ತಳ್ಳಿಹಾಕುವುದು ಕಷ್ಟ.

ಕೊನೆಗೆ, ನಾಟಿ ಬೀಜ ಉಳಿಸುವುದು ರೈತರೊಬ್ಬರ ಕೆಲಸ ಎಂಬುದೂ ತಪ್ಪು ಕಲ್ಪನೆಯೇ. ಚಾಮರಾಜನಗರದ ಅಮೃತ ಭೂಮಿಯಂಥ ಕಡೆ ಬೀಜ ಕಾಪಿಡುತ್ತಿದ್ದಾರೆ, ಸರಿ. ಆದರೆ ಈರನಗೆರೆ ಬದನೆಯನ್ನೂ ರಾಜಮುಡಿ ಅಕ್ಕಿಯನ್ನೂ ಮೈಸೂರಿನವರು ಕೇಳಿ ಕೊಂಡರೆ ಮಾತ್ರ ರೈತ ಅವನ್ನು ಮುಂದಿನ ವರ್ಷ ಬಿತ್ತುತ್ತಾನೆ. ಉಣ್ಣುವವರಿಲ್ಲದ ತಳಿಯನ್ನು ಯಾವ ಕಾಯ್ದೆಯೂ ಉಳಿಸದು.