ಯೋಜನದ ಉದ್ದವೆಷ್ಟು?

ಹೂವಾಡಗಿತ್ತಿಯು ಮಾಲೆಯನ್ನು ತನ್ನ ಮೊಳದಲ್ಲಿ ಅಳೆದು ಕೊಡುವಳು. ಕೊಂಡವರ ಕೈ ಅವಳದಕ್ಕಿಂತ ಉದ್ದವಾಗಿದ್ದರೆ ಅದೇ ಮಾಲೆಯು ಅವರ ಮೊಳಕ್ಕೆ ಸಾಲದೆ ಹೋಗುವುದು. ಇಲ್ಲಿ ನಷ್ಟವು ನಾಲ್ಕು ಮೊಗ್ಗು ಮಾತ್ರ. ಭೂಮಿಯನ್ನೇ ಮೊಳದ ಲೆಕ್ಕದಲ್ಲಿ ಅಳೆದರೆ ಏನಾಗುವುದೆಂಬುದನ್ನು ವಿಚಾರಿಸೋಣ.

ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ 'ಲೀಲಾವತಿ'ಯಲ್ಲಿ ಉದ್ದಳತೆಯ ಕೋಷ್ಟಕವೊಂದಿದೆ. ಎಂಟು ಜವೆಗೋಧಿಯ ಕಾಳುಗಳ ನಡುವಣ ಅಗಲವು ಒಂದು ಅಂಗುಲ. 24 ಅಂಗುಲ ಒಂದು ಹಸ್ತ, ಎಂದರೆ ಮೊಳ. 4 ಹಸ್ತ ಒಂದು ದಂಡ. 2,000 ದಂಡ ಒಂದು ಕ್ರೋಶ. 4 ಕ್ರೋಶ ಒಂದು ಯೋಜನ. ಆದುದರಿಂದ ಯೋಜನವೆಂದರೆ 32,000 ಮೊಳ. ಸುಮಾರು 499ರಲ್ಲಿ 'ಆರ್ಯಭಟೀಯ'ವನ್ನು ಬರೆದ ಆರ್ಯಭಟನೂ ಯೋಜನಕ್ಕೆ 8,000 ಆಳುದ್ದವೆಂದೂ ಆಳುದ್ದಕ್ಕೆ 4 ಮೊಳವೆಂದೂ ಹೇಳಿರುವನು. ಎರಡೂ ಒಂದೇ ಲೆಕ್ಕ. ಹೀಗಿದ್ದರೂ ಭೂಮಿಯ ವ್ಯಾಸವು ಆರ್ಯಭಟನಿಗೆ 1,050 ಯೋಜನ. ಭಾಸ್ಕರನಿಗೆ 1,581ಕ್ಕೂ ತುಸು ಹೆಚ್ಚು!

ನಡುವೆ ಭೂಮಿಯೇನೂ ಬೆಳೆದಿಲ್ಲ. ಇಂದಿನ ಅಳತೆಯಂತೆ ಅದರ ಸರಾಸರಿ ವ್ಯಾಸ 12,742 ಕಿಲೋಮೀಟರು. ನಾವು ಇದನ್ನು ಆಯಾ ಸಂಖ್ಯೆಯಿಂದ ಭಾಗಿಸಿದರೆ ಆರ್ಯಭಟನ ಯೋಜನವು ಸುಮಾರು 12 ಕಿಲೋಮೀಟರು, ಭಾಸ್ಕರನದು ಸುಮಾರು 8 ಆಗುವುದು. ಯೋಜನವನ್ನು ಹೀಗೆ ಹೊಂದಿಸಿಕೊಂಡು, ಪೂರ್ವಿಕರು ಭೂಮಿಯನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆದರೆಂದು ಹೊಗಳುವವರುಂಟು. ಆದರೆ ಉತ್ತರದಿಂದ ಮಾನವನ್ನು ಪಡೆದು, ಅದೇ ಮಾನದಿಂದ ಉತ್ತರವನ್ನು ಪರೀಕ್ಷಿಸುವುದು ಪರೀಕ್ಷೆಯೇ ಅಲ್ಲ. 8 ಕಿಲೋಮೀಟರನ್ನು 32,000ದಿಂದ ಭಾಗಿಸಿ ನೋಡಿರಿ: ಮೊಳವು 25 ಸೆಂಟಿಮೀಟರಿಗೆ ಇಳಿಯುವುದು. ಅದು ಮೊಳವಲ್ಲ, ಗೇಣಿಗಿಂತ ತುಸು ಹೆಚ್ಚು, ಅಷ್ಟೆ. ಮೊಳವನ್ನು 45 ಸೆಂಟಿಮೀಟರೆಂದು ಹಿಡಿದರೆ ಯೋಜನವು 14.4 ಕಿಲೋಮೀಟರಾಗಿ, ಭೂಮಿಯ ವ್ಯಾಸವು ಆರ್ಯಭಟನಲ್ಲಿ ಸುಮಾರು 15,100, ಭಾಸ್ಕರನಲ್ಲಿ ಸುಮಾರು 22,800 ಕಿಲೋಮೀಟರಿಗೆ ಏರುವುದು. ಜ್ಯೋತಿಷಿಗಳ ಯೋಜನವು ಕೋಷ್ಟಕದ ಯೋಜನಕ್ಕಿಂತ ಬೇರೆಯಾಗಿದ್ದಿರಬಹುದು. ಅಥವಾ ಅಳತೆಯೇ ತಪ್ಪಿರಬಹುದು. ಅವರ ಅಳತೆಗೋಲು ಕೈಯಲ್ಲಿಲ್ಲದೆ ನಿರ್ಣಯಿಸಲಾಗದು.

ಆದರೆ ಅವರ ಹಿರಿಮೆಯನ್ನು ತಿಳಿಯಲು ಯೋಜನವೇ ಬೇಕೆಂದಿಲ್ಲ. ಭಾಸ್ಕರನು ಭೂಮಿಯ ಸುತ್ತಳತೆಯನ್ನು 4,967 ಯೋಜನವೆಂದಿರುವನು. ಅದನ್ನು ಅವನೇ ಹೇಳಿದ ವ್ಯಾಸದಿಂದ ಭಾಗಿಸಿದರೆ 3.1416 ಬರುವುದು. ಭಾಗಾಕಾರದಲ್ಲಿ ಯೋಜನವು ಕಳೆದುಹೋಗಿ ಶುದ್ಧ ಗಣಿತವೊಂದೇ ಉಳಿಯುವುದು. ಅದು ಅಂದಿಗೂ ಸರಿ, ಇಂದಿಗೂ ಸರಿ.

1983ರಿಂದ ಮೀಟರಿಗೆ ಬೆಳಕೇ ಆಧಾರವಾಗಿದೆ: ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲಿನಷ್ಟು ಕಾಲದಲ್ಲಿ ಸಾಗುವ ದೂರವೇ ಒಂದು ಮೀಟರು. ಈ ಅಳತೆಗೋಲು ಯಾರ ತೋಳನ್ನೂ ಅವಲಂಬಿಸಿಲ್ಲ. ಯಾವ ದೇಶದವರೂ ಯಾವ ಕಾಲದವರೂ ಅದನ್ನು ಹೊಸದಾಗಿ ಪಡೆಯಬಹುದು. ಸಾವಿರ ವರ್ಷಗಳ ಬಳಿಕ ನಮ್ಮ ಅಂಕೆಗಳನ್ನು ಓದುವವರು, ನಾವು ಎಷ್ಟು ಸರಿಯಾಗಿ ಅಳೆದೆವೆಂಬುದನ್ನು ಊಹಿಸಬೇಕಾಗಿಲ್ಲ. ತಾವೇ ಅಳೆದು ನೋಡಬಲ್ಲರು.