ಫ್ಯಾನ್ ಬಂತು, ಮಳೆ ಹೋಯಿತು: ತರ್ಕ ತಪ್ಪಿದ್ದೆಲ್ಲಿ?

ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳಿಗೆ ನಮ್ಮ ಕಡೆ ‘ಫ್ಯಾನ್’ ಅಂತಲೇ ಹೆಸರು. ಮಿರಗ ಮಳೆ ಕೈಕೊಟ್ಟು ಹೆಸರಿನ ಬೆಳೆ ಒಣಗಿದ ವರ್ಷ ಮುಂಡರಗಿ, ಶಿರಹಟ್ಟಿ, ಡಂಬಳದ ಚಹಾದಂಗಡಿಗಳಲ್ಲಿ ಒಂದೇ ಮಾತು: “ಈ ಫ್ಯಾನ್ ಬಂದಾಗಿಂದ ಮಳಿ ಹೋತು ನೋಡ್ರಿ. ಮೋಡ ಬರ್ತಾವು, ಇವು ಹೊಡದು ಓಡಸ್ತಾವು.” ಬೆಳೆ ಕಳೆದುಕೊಂಡ ರೈತ ಹೀಗೆ ಅಂದರೆ ಅವನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಡಿಗ್ರಿ ಮುಗಿಸಿ ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಕೂತ, ‘ಮಾನಸಿಕ ಸಾಮರ್ಥ್ಯ’ದ ಪ್ರಶ್ನೆಗಳನ್ನು ಪಟಪಟನೆ ಬಿಡಿಸುವ ಹುಡುಗರೂ ತಲೆದೂಗುತ್ತಾರಲ್ಲ, ಅಲ್ಲಿ ನನ್ನ ತಾಳ್ಮೆ ಕೆಡುತ್ತದೆ.

ಮೊದಲು ಯಂತ್ರದ ಸಂಗತಿ ಮುಗಿಸೋಣ. ಮನೆಯ ಫ್ಯಾನ್ ಕರೆಂಟ್ ತಿಂದು ಗಾಳಿ ಕೊಡುತ್ತದೆ; ಗುಡ್ಡದ ಯಂತ್ರ ಗಾಳಿಯಿಂದ ತಿರುಗಿ ಕರೆಂಟ್ ಕೊಡುತ್ತದೆ. ಅದು ಗಾಳಿ ಬೀಸುವುದಿಲ್ಲ, ಬೀಸುವ ಗಾಳಿಯ ವೇಗವನ್ನು ಒಂದಿಷ್ಟು ತಗ್ಗಿಸುತ್ತದೆ. ಅದರ ಎತ್ತರ ನೂರು ಮೀಟರಿನ ಲೆಕ್ಕದ್ದು. ಜೋರು ಮಳೆ ಸುರಿಸುವ ಮೋಡ ಹಲವು ಕಿಲೋಮೀಟರ್ ಮೇಲಕ್ಕೆ ಬೆಳೆದಿರುತ್ತದೆ.

ಇಷ್ಟು ಹೇಳಿದರೂ ನಂಬಿಕೆ ಕದಲುವುದಿಲ್ಲ. ಯಾಕೆಂದರೆ ದೋಷ ಇರುವುದು ಯಂತ್ರದ ತಿಳಿವಳಿಕೆಯಲ್ಲಿ ಮಾತ್ರ ಅಲ್ಲ, ವಾದದ ರೂಪದಲ್ಲಿ. ಅದನ್ನು ಕಾಗದದ ಮೇಲೆ ಬರೆದು ನೋಡಿ:

ಫ್ಯಾನ್ ಮೋಡ ಓಡಿಸಿದರೆ ಮಳೆ ಆಗುವುದಿಲ್ಲ.
ಮಳೆ ಆಗಿಲ್ಲ.
ಆದ್ದರಿಂದ ಫ್ಯಾನ್ ಮೋಡ ಓಡಿಸಿದೆ.

ಈಗ ಇದೇ ಅಚ್ಚಿನಲ್ಲಿ ಬೇರೆ ಮಾತು ಹಾಕಿ:

ಗದಗದಲ್ಲಿ ಹುಟ್ಟಿದವರು ಕರ್ನಾಟಕದಲ್ಲಿ ಹುಟ್ಟಿದವರು.
ಕುವೆಂಪು ಕರ್ನಾಟಕದಲ್ಲಿ ಹುಟ್ಟಿದವರು.
ಆದ್ದರಿಂದ ಕುವೆಂಪು ಗದಗದಲ್ಲಿ ಹುಟ್ಟಿದವರು.

ಮೊದಲೆರಡು ಸಾಲು ನಿಜ, ಮೂರನೆಯದು ಸುಳ್ಳು. ರೂಪ ಮಾತ್ರ ಒಂದೇ. ನಿಜದಿಂದ ಹೊರಟು ಸುಳ್ಳಿಗೆ ತಲುಪಿಸಬಲ್ಲ ರೂಪವನ್ನು ಎಲ್ಲಿಯೂ ನಂಬಬಾರದು. ರೂಪನಿಷ್ಠ ತರ್ಕದ ಮೊದಲ ಪಾಠವೇ ಇದು. ‘ಅ ಆದರೆ ಬ’ ಎಂಬ ಮಾತಿನಿಂದ ಎರಡೇ ದಾರಿ ಹೊರಡುತ್ತವೆ: ಅ ಆಗಿದ್ದರೆ ಬ ಆಗಲೇಬೇಕು, ಬ ಆಗಿಲ್ಲದಿದ್ದರೆ ಅ ಕೂಡ ಆಗಿಲ್ಲ. ಬ ಆಗಿದೆ ಎಂಬುದರಿಂದ ಅ ಬಗ್ಗೆ ಏನೂ ತಿಳಿಯುವುದಿಲ್ಲ. ಅ ಆಗಿಲ್ಲ ಎಂಬುದರಿಂದ ಬ ಬಗ್ಗೆಯೂ ತಿಳಿಯುವುದಿಲ್ಲ.

ಆ ಎರಡನೆಯ ದಾರಿಯಲ್ಲೇ ನಡೆದು ನೋಡೋಣ. ಫ್ಯಾನ್ ಮಳೆ ತಡೆಯುವುದು ನಿಜವಾಗಿದ್ದರೆ ಫ್ಯಾನ್ ಬಂದ ಮೇಲೆ ಜೋರು ಮಳೆ ಆಗಬಾರದಿತ್ತು. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಸುರಿದ ಮಳೆ ಉತ್ತರ ಕರ್ನಾಟಕವನ್ನೇ ಮುಳುಗಿಸಿತು. ಗುಡ್ಡದ ಮೇಲೆ ಫ್ಯಾನ್ ಇದ್ದೇ ಇದ್ದವು. ಇನ್ನು ಫ್ಯಾನ್ ಇಲ್ಲದ ಕಾಲ? 1876–78ರ ಬರ ಆಗಿನ ಧಾರವಾಡ ಜಿಲ್ಲೆಯನ್ನು ಹಿಂಡಿತ್ತು. ಗದಗ ಆಗ ಅದರದೇ ಭಾಗ. 1972ರ ಬರವನ್ನು ಕಂಡ ಹಿರಿಯರು ಇನ್ನೂ ಊರೂರಲ್ಲಿದ್ದಾರೆ, ಕೇಳಿ ನೋಡಿ. ನಮ್ಮದು ಸಹ್ಯಾದ್ರಿಯ ಮಳೆ ನೆರಳಿನ ನಾಡು, ವರ್ಷಕ್ಕೆ ಹೆಚ್ಚುಕಡಿಮೆ 600 ಮಿಲಿಮೀಟರ್ ಮಳೆ. ಮುಂಗಾರಿನ ಗಾಳಿ ಘಟ್ಟದಲ್ಲೇ ನೀರಿಳಿಸಿ, ಒಣಗಿ, ರಭಸದಿಂದ ನಮ್ಮ ಬಯಲಿಗೆ ಬರುತ್ತದೆ. ಆ ರಭಸ ನೋಡಿಯೇ ಕಂಪನಿಗಳು ಇಲ್ಲಿ ಯಂತ್ರ ನಿಲ್ಲಿಸಿದ್ದು. ಅಂದರೆ ಮಳೆ ಕಡಿಮೆಯಿರುವುದಕ್ಕೂ ಫ್ಯಾನ್ ಬಂದದ್ದಕ್ಕೂ ಹಿಂದೆ ಇರುವುದು ಒಂದೇ ಗಾಳಿ.

‘ಹೀಗಾದರೆ ಹಾಗೆ’ ಎಂಬುದನ್ನು ತಿರುಗಾಮುರುಗಾ ಮಾಡುವ ಚಾಳಿ ಗದಗಿನದಷ್ಟೇ ಅಲ್ಲ. 1966ರಲ್ಲಿ ಇಂಗ್ಲೆಂಡಿನ ಮನೋವಿಜ್ಞಾನಿ ಪೀಟರ್ ವೇಸನ್ ಒಂದು ಪರೀಕ್ಷೆಯನ್ನು ಪ್ರಕಟಿಸಿದ. ಅದನ್ನು ನಮ್ಮ ಅಕ್ಷರದಲ್ಲಿ ಹೇಳುವುದಾದರೆ: ಮೇಜಿನ ಮೇಲೆ ನಾಲ್ಕು ಕಾರ್ಡು, ಪ್ರತಿಯೊಂದರ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಸಂಖ್ಯೆ; ಕಾಣುವ ಬದಿಯಲ್ಲಿ ಅ, ಕ, 4, 7. ‘ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ’ ಎಂಬ ನಿಯಮ ಸರಿಯೇ ಎಂದು ತಿಳಿಯಲು ಯಾವ ಕಾರ್ಡು ಮಗುಚಬೇಕು? ಬಹಳ ಜನ ಅ ಮತ್ತು 4 ಎನ್ನುತ್ತಾರೆ. ಸರಿಯುತ್ತರ ಅ ಮತ್ತು 7. ಸರಿ ಹೇಳುವವರು ಹತ್ತರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು.

ಇದೇ ಲೆಕ್ಕವನ್ನು ನಮ್ಮ ಬಸ್ಸಿನ ಚೆಕಿಂಗ್‌ನವರು ದಿನಾ ತಪ್ಪಿಲ್ಲದೆ ಮಾಡುತ್ತಾರೆ. ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ನಿಯಮ ಹೀಗಿದೆ: ಶೂನ್ಯ ಟಿಕೆಟ್ ಕೈಯಲ್ಲಿದ್ದರೆ ಅದು ಗಂಡಸಿನ ಕೈ ಆಗಿರಬಾರದು. ಲಕ್ಷ್ಮೇಶ್ವರದ ದಾರಿಯಲ್ಲಿ ಬಸ್ ಹತ್ತಿದ ಚೆಕಿಂಗ್‌ನವರು ಈ ನಿಯಮದ ಮಟ್ಟಿಗೆ ಯಾರನ್ನು ನೋಡಬೇಕು? ಶೂನ್ಯ ಟಿಕೆಟ್ ಹಿಡಿದವರನ್ನು ಮತ್ತು ಗಂಡಸರನ್ನು. ದುಡ್ಡು ಕೊಟ್ಟು ಟಿಕೆಟ್ ತೆಗೆದವರು ಯಾರೆಂದು ನೋಡುವ ಕೆಲಸವಿಲ್ಲ. ‘ಅ’ ಮತ್ತು ‘7’ ಇವೇ. ನಿಯಮ ಮುರಿದವರನ್ನು ಹಿಡಿಯುವಾಗ ಬರುವ ತರ್ಕ, ನಮ್ಮ ಸ್ವಂತ ನಂಬಿಕೆಯನ್ನು ಪರೀಕ್ಷಿಸುವಾಗ ಎಲ್ಲಿ ಹೋಗುತ್ತದೆ? ನಂಬಿಕೆಗೆ ಒಪ್ಪುವ 4ನ್ನೇ ಮತ್ತೆ ಮತ್ತೆ ಮಗುಚುತ್ತೇವೆ. ಅದನ್ನು ಮುರಿಯಬಲ್ಲ 7ರ ಹತ್ತಿರ ಹೋಗುವುದಿಲ್ಲ.

“ಇದೆಲ್ಲ ಇಂಗ್ಲಿಷಿನವರ ವಿದ್ಯೆ” ಎನ್ನುವುದು ಇನ್ನೊಂದು ಸುಳ್ಳು. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂದ ನಮ್ಮ ನೈಯಾಯಿಕರೇ, ಬೆಂಕಿ ಇದ್ದಲ್ಲಿ ಹೊಗೆ ಇರಲೇಬೇಕಿಲ್ಲ ಎಂದೂ ಹೇಳಿದರು. ಕಾದು ಕೆಂಪಾದ ಕಬ್ಬಿಣದ ಗುಂಡನ್ನು ತೋರಿಸಿದರು: ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಲು ಹಸಿ ಕಟ್ಟಿಗೆಯೂ ಬೇಕು. ಅಕಲಂಕನಂಥ ಜೈನ ತಾರ್ಕಿಕರನ್ನು ಕಂಡ ನೆಲ ಇದು. ವ್ಯಾಸರಾಯರು ‘ತರ್ಕತಾಂಡವ’ ಬರೆದ ನೆಲವೂ ಇದೇ. ಪಿಯುಸಿ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಇಂದಿಗೂ ಒಂದು ವಿಷಯ.

ಉಳಿದ ತಪ್ಪು ಕಲ್ಪನೆಗಳಿಗೆ ಒಂದೊಂದು ಮಾತು ಸಾಕು. ತರ್ಕ ಅಂದರೆ ವಾದ ಗೆಲ್ಲುವ ವಿದ್ಯೆ: ಅಲ್ಲ, ಯಾವ ಮಾತಿನಿಂದ ಯಾವ ಮಾತು ಹೊರಡುತ್ತದೆ ಎಂದು ನೋಡುವ ವಿದ್ಯೆ. ರೂಪ ಸರಿಯಿದ್ದರೆ ತೀರ್ಮಾನ ನಿಜ: ಇಲ್ಲ, ಮೊದಲ ಮಾತುಗಳೂ ನಿಜವಿರಬೇಕು. ‘ಕೆಲವು’ ಅಂದರೆ ‘ಎಲ್ಲ ಅಲ್ಲ’: ಇಲ್ಲ, ತರ್ಕದಲ್ಲಿ ಅದು ‘ಒಂದಾದರೂ’. ‘ಎಲ್ಲ ಕೆರೆ ತುಂಬಿವೆ’ ಎಂಬುದು ಸುಳ್ಳಾಗಲು ಎಲ್ಲ ಕೆರೆ ಬತ್ತಬೇಕು: ಬೇಡ, ಡಂಬಳದ ಕೆರೆಯೊಂದೇ ತುಂಬದಿದ್ದರೂ ಸಾಕು. ಗಣಿತ ಬಾರದವರಿಗೆ ತರ್ಕ ಬಾರದು: ಬಸ್ಸಿನ ಚೆಕಿಂಗ್ ನೋಡಿದಿರಲ್ಲ.

ನನ್ನ ನಿಜವಾದ ದೂರು ಇನ್ನೂ ದೊಡ್ಡದು. ಕಷಾಯ ಕುಡಿದೆ, ಜ್ವರ ಹೋಯಿತು, ಆದ್ದರಿಂದ ಕಷಾಯದಿಂದಲೇ ಹೋಯಿತು ಎನ್ನುತ್ತೇವೆ. ತಾನಾಗಿಯೇ ಇಳಿಯುವ ಜ್ವರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತುಂಗಭದ್ರೆಯ ಆಚೆ ದಂಡೆಯ ಮೈಲಾರದಲ್ಲಿ ಭವಿಷ್ಯ ನುಡಿಯುವ ಕಾರಣಿಕದ ಒಂದು ಸಾಲು ಹೊರಬಿದ್ದರೆ ಅದನ್ನು ಮಳೆಗೂ, ಬೆಳೆಗೂ, ಸರ್ಕಾರ ಬೀಳುವುದಕ್ಕೂ ಹೊಂದಿಸುತ್ತೇವೆ. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಏನಾದರೂ ಸರಿ, ಏನಾಗದಿದ್ದರೂ ಸರಿ ಎನ್ನುವಂತೆ ಅರ್ಥ ಹಚ್ಚಿದ ಮಾತಿನಿಂದ ನಾಳೆಯ ಬಗ್ಗೆ ಏನೂ ತಿಳಿಯುವುದಿಲ್ಲ ಎಂಬುದಷ್ಟೇ ನನ್ನ ಮಾತು. ವಾಟ್ಸಾಪ್‌ನಲ್ಲಿ ಬಂದದ್ದನ್ನು ಮೂರು ಸಾಲಿನಲ್ಲಿ ಬರೆದು ನೋಡುವ ವ್ಯವಧಾನವೂ ನಮಗಿಲ್ಲ.

ಇದರ ನಷ್ಟ ಸಣ್ಣದಲ್ಲ. ತಪ್ಪು ಕಾರಣ ಹಿಡಿದವನು ಸರಿಯಾದ ಪ್ರಶ್ನೆ ಕೇಳುವುದನ್ನು ಬಿಡುತ್ತಾನೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ಯಂತ್ರಗಳಿಗೆ ದಾರಿ ಮಾಡಲು ಎಷ್ಟು ಗಿಡಮರ ಕಡಿದರು, ಕೆರೆಯ ಹೂಳು ತೆಗೆದರೋ ಇಲ್ಲವೋ, ಒಣಗಿದ ಹೆಸರಿಗೆ ಬೆಳೆ ವಿಮೆ ಬಂತೋ ಇಲ್ಲವೋ: ಇವು ಉತ್ತರ ಇರುವ ಪ್ರಶ್ನೆಗಳು, ಉತ್ತರ ಕೊಡಬೇಕಾದವರೂ ಇದ್ದಾರೆ. ಮಳೆ ಹೋದದ್ದು ಫ್ಯಾನಿನಿಂದ ಎಂದು ಸುಮ್ಮನಾದರೆ ಅವರೆಲ್ಲ ಪಾರಾಗುತ್ತಾರೆ. ತರ್ಕ ಕಲಿಯಲು ಹೊರಟ ಹುಡುಗ ಹುಡುಗಿಯರು ಅದನ್ನು ಪರೀಕ್ಷೆಯ ಎರಡು ಅಂಕಕ್ಕೆ ಮಾತ್ರ ಇಟ್ಟುಕೊಳ್ಳಬಾರದು. ಊರಿನಲ್ಲಿ ಎಲ್ಲರೂ ಒಪ್ಪಿದ ಒಂದು ಮಾತನ್ನು ಆರಿಸಿ, ಮೂರು ಸಾಲು ಮಾಡಿ, ಅದನ್ನು ಮುರಿಯಬಲ್ಲ ಕಾರ್ಡನ್ನೇ ಮೊದಲು ಮಗುಚಬೇಕು.