ಆನೆ ಲದ್ದಿಯಲ್ಲಿ ಆತಂಕದ ಲೆಕ್ಕ

ಆನೆಗೆ ಎಷ್ಟು ಒತ್ತಡವಿದೆ ಎಂದು ತಿಳಿಯಲು ಅದರ ರಕ್ತ ತೆಗೆಯಬೇಕಿಲ್ಲ. ತೆಗೆಯಲು ಹೋದರೆ ಆ ಗಲಾಟೆಗೇ ಒತ್ತಡ ಏರಿಬಿಡುತ್ತದೆ! ಹಸಿ ಲದ್ದಿ ಸಾಕು. ಕಿಡ್ನಿಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸೋಲ್ ಮುಂತಾದ ಹಾರ್ಮೋನುಗಳು ಕೆಲಸ ಮುಗಿದ ಮೇಲೆ ಯಕೃತ್ತಿನಲ್ಲಿ ರೂಪ ಬದಲಿಸಿ, ಕರುಳಿನ ದಾರಿಯಲ್ಲೂ ಹೊರಬೀಳುತ್ತವೆ. ಅವನ್ನು ಅಳೆದರೆ ಆನೆಯ ಹಿಂದಿನ ಒಂದೆರಡು ದಿನ ಹೇಗೆ ಕಳೆದವೆಂದು ಗೊತ್ತಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀತಾ ಶರ್ಮಾ ಪೋಖರೆಲ್, ರಾಮನ್ ಸುಕುಮಾರ್ ಮತ್ತು ಸಂಗಡಿಗರು ಹೀಗೆಯೇ ಲದ್ದಿ ಹೆಕ್ಕಿದರು. ಒಂದು ಕಡೆ ಹಾಸನದ ಸುತ್ತ ಗದ್ದೆ-ತೋಟಗಳಿಗೆ ನುಗ್ಗುವ ಆನೆಗಳು, ಇನ್ನೊಂದು ಕಡೆ ನಾಗರಹೊಳೆ, ಬಂಡೀಪುರದ ಕಾಡಾನೆಗಳು. ಪಟಾಕಿ, ಕೂಗು, ಅಟ್ಟಾಟಗಳ ನಡುವೆ ಬದುಕುವ ಹಾಸನದ ಆನೆಗಳೇ ಹೆಚ್ಚು ಕಂಗೆಟ್ಟಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಸಿಕ್ಕಿದ್ದು ಉಲ್ಟಾ: ಅವುಗಳ ಲದ್ದಿಯಲ್ಲೇ ಒತ್ತಡದ ಹಾರ್ಮೋನಿನ ಗುರುತು ಕಡಿಮೆ. ಹೊಲದ ಪುಷ್ಟಿಯಾದ ಮೇವು ಇದಕ್ಕೆ ಕಾರಣವಿರಬಹುದು ಎನ್ನುತ್ತಾರೆ ಸಂಶೋಧಕರು. ಕಾಡಿನಲ್ಲಿ ಬಡಕಲಾದ ಆನೆಗಳಲ್ಲಿ ಈ ಗುರುತು ಹೆಚ್ಚಿರುವುದನ್ನು ಇದೇ ತಂಡ ಮೊದಲೇ ಕಂಡಿತ್ತು. ಬೆಳೆ ಕಳೆದುಕೊಂಡ ರೈತನ ಒತ್ತಡದ ಮಾತು ಬೇರೆ.

ಆನೆಯಲ್ಲಾಗಲಿ ಮನುಷ್ಯನಲ್ಲಾಗಲಿ, ಅಡ್ರಿನಲ್ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಅಪಾಯವೆಂದು ಮಿದುಳು ಬಗೆದರೆ ನರಗಳ ಮೂಲಕ ಸೆಕೆಂಡುಗಳಲ್ಲಿ ಅಡ್ರಿನಲಿನ್ ಚಿಮ್ಮುತ್ತದೆ, ಎದೆ ಬಡಿದುಕೊಳ್ಳುತ್ತದೆ. ಹೈಪೊಥಲಾಮಸ್ ಪಿಟ್ಯುಟರಿಗೆ, ಪಿಟ್ಯುಟರಿ ಅಡ್ರಿನಲ್‌ಗೆ ಸುದ್ದಿ ಮುಟ್ಟಿಸಿ ಕಾರ್ಟಿಸೋಲ್ ಏರಲು ಕೆಲವು ನಿಮಿಷ ಬೇಕು. ಏರಿದ ಕಾರ್ಟಿಸೋಲೇ ಮತ್ತೆ ಮಿದುಳಿಗೆ ‘ಸಾಕು’ ಎನ್ನುತ್ತದೆ. ಆನೆಯನ್ನು ಅಟ್ಟಿದವರು ಹಿಂದಿರುಗಿದರೆ ಅದರ ಅಪಾಯ ಮುಗಿಯಿತು. ಮನುಷ್ಯನ ಮಿದುಳು ಮಾತ್ರ ಕಟ್ಟದೆ ಉಳಿದ ಸಾಲದ ಕಂತನ್ನು ನಡುರಾತ್ರಿ ನೆನೆದು ಅದೇ ಆಜ್ಞೆಯನ್ನು ಮತ್ತೆ ಮತ್ತೆ ಹೊರಡಿಸಬಲ್ಲದು.

ಆದ್ದರಿಂದ ಆರೈಕೆ ಬೇಕಿರುವುದು ಆಜ್ಞೆ ಹೊರಡುವ ಕಡೆಗೆ. ಕಾರ್ಟಿಸೋಲ್ ಬೆಳಗಿನ ಹೊತ್ತು ಹೆಚ್ಚಿದ್ದು ನಡುರಾತ್ರಿಗೆ ತೀರಾ ಇಳಿಯುತ್ತದೆ. ಮಲಗುವ ಹೊತ್ತು ದಿನಕ್ಕೊಂದಾದರೆ ಈ ತಾಳ ಕೆಡುತ್ತದೆ. ಹೊತ್ತಿಗೆ ಸರಿಯಾದ ಊಟ, ದಿನವೂ ನಡಿಗೆ, ಉಸಿರನ್ನು ನಿಧಾನವಾಗಿ ಹೊರಬಿಡುವ ಅಭ್ಯಾಸ, ಸಂಜೆಯ ಕಾಫಿಗೆ ರಜೆ, ಇವಕ್ಕೆ ಕಾಸು ಖರ್ಚಿಲ್ಲ. ಅಶ್ವಗಂಧದಿಂದ ಆತಂಕ ಕೊಂಚ ತಗ್ಗಿದ್ದನ್ನು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಅಪರೂಪಕ್ಕೆ ಯಕೃತ್ತು ಕೆಟ್ಟ ವರದಿಗಳೂ ಇವೆ. ಗರ್ಭಿಣಿಯರು, ಥೈರಾಯ್ಡ್ ಮಾತ್ರೆ ನುಂಗುವವರು ಅದನ್ನು ತಾವಾಗಿಯೇ ಶುರುಮಾಡಬಾರದು.

‘ಅಡ್ರಿನಲ್ ದಣಿದಿದೆ’ ಎಂದು ಪೂರಕ ಔಷಧಿಯ ಡಬ್ಬಿ ಮಾರುವವರ ಮಾತಿಗೆ ವೈದ್ಯವಿಜ್ಞಾನದಲ್ಲಿ ಆಧಾರವಿಲ್ಲ. ಗ್ರಂಥಿ ನಿಜಕ್ಕೂ ಸೋಲುವ ಕಾಯಿಲೆ ಬೇರೆಯೇ ಇದೆ. 1855ರಲ್ಲಿ ಥಾಮಸ್ ಅಡಿಸನ್ ಅದನ್ನು ವಿವರಿಸಿದ: ತೂಕ ಇಳಿಯುತ್ತದೆ, ಚರ್ಮ ಕಪ್ಪಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ರಕ್ತಪರೀಕ್ಷೆಯಲ್ಲಿ ಪತ್ತೆಯಾಗುವ ಇದಕ್ಕೆ ಹಾರ್ಮೋನ್ ಮಾತ್ರೆಯೇ ಮದ್ದು, ಕಷಾಯವಲ್ಲ. ಆ ಡಬ್ಬಿಗಳಲ್ಲಿ ಕೆಲವೊಮ್ಮೆ ಇರುವ ಜೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ.

ಅಡ್ರಿನಲ್‌ನ ಬಗ್ಗೆ ನಿಜವಾದ ಕಾಳಜಿಯಿದ್ದರೆ ಇಷ್ಟು ಮಾಡಿ: ಆಸ್ತಮಾಕ್ಕೋ ಕೀಲುನೋವಿಗೋ ಬಹುಕಾಲ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸದಂತೆ ನೋಡಿಕೊಳ್ಳಿ. ಹೊರಗಿನ ಪೂರೈಕೆಗೆ ಒಗ್ಗಿ ಸುಮ್ಮನಾದ ಗ್ರಂಥಿ ಮತ್ತೆ ಏಳಲು ವಾರಗಳು, ತಿಂಗಳುಗಳು ಬೇಕಾಗುತ್ತವೆ. ಅಲ್ಲಿಯವರೆಗೆ ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.